ಕೂಲಿಮಠ ಮುಚ್ಚಿಸಿದ್ದು ಮೆಕಾಲೆ ಅಲ್ಲ

‘ನಿಮ್ಮ ಕಡತ ಸಾಹೇಬರ ಟೇಬಲ್ ಮೇಲಿದೆ’ ಅಂತ ಕಚೇರಿಯಲ್ಲಿ ಹೇಳುತ್ತಾರಲ್ಲ, ಆ ಕಡತ ಒಂದು ಕಾಲಕ್ಕೆ ಹಳ್ಳಿ ಮಕ್ಕಳ ಕೈಯಲ್ಲಿತ್ತು. ಬಟ್ಟೆಗೆ ಇದ್ದಿಲ ಪುಡಿ, ಅಂಟು ಬಳಿದು ಗಟ್ಟಿ ಮಾಡಿದ ಕಪ್ಪು ಪುಸ್ತಕ ಅದು. ಬಳಪದಲ್ಲಿ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಅದಕ್ಕೂ ಮೊದಲು ಮರಳಿನ ಮೇಲೆ ಬೆರಳಲ್ಲಿ ತಿದ್ದಬೇಕು. ಇದು ನಮ್ಮ ಕೂಲಿಮಠ. ಗುಡಿಯ ಪಡಸಾಲೆಯೋ ಯಾರದೋ ಜಗಲಿಯೋ ಸಿಕ್ಕರೆ ಸಾಕು, ಶಾಲೆ ಶುರು. ಹೆತ್ತವರು ಕೊಟ್ಟಿದ್ದೇ ಐಗಳ, ಅಂದರೆ ಮೇಷ್ಟ್ರ, ಸಂಬಳ.

1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಶಾಲೆಗಳ ಲೆಕ್ಕ ಕೇಳಿದರು. ಮರುವರ್ಷ ಬಳ್ಳಾರಿ ಕಲೆಕ್ಟರ್ ಕ್ಯಾಂಪ್‌ಬೆಲ್ ವರದಿ ಕಳಿಸಿದರು. ಜಿಲ್ಲೆಯಲ್ಲಿ 533 ಶಾಲೆ. ಅದರಲ್ಲಿ 235 ಕನ್ನಡದವು, 226 ತೆಲುಗಿನವು. ಮಕ್ಕಳು 6,641.

ವರದಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಹಾಜರಿಯ ಕತೆ. ಬೆಳಿಗ್ಗೆ ಆರಕ್ಕೇ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೇ ಏರುತ್ತಾ ಹೋಗುತ್ತದೆ. ಕೊನೆಗೆ ಬಂದವನ ಗತಿ ನೀವೇ ಲೆಕ್ಕ ಹಾಕಿ! ಸೂರಿಗೆ ನೇತುಹಾಕುವ ಶಿಕ್ಷೆಯೂ ಇತ್ತು, ಹಿರಿಯರು ಕೋದಂಡ ಅನ್ನುತ್ತಾರಲ್ಲ, ಅದೇ. ಬಸ್ಕಿ ಹೊಡೆಸುವುದರ ಬಗ್ಗೆ ಮಾತ್ರ ಕಲೆಕ್ಟರ್ ಸಾಹೇಬರು ‘ನೋವಾದರೂ ಬಹುಶಃ ಆರೋಗ್ಯಕ್ಕೆ ಒಳ್ಳೆಯದು’ ಎನ್ನುವ ಧಾಟಿಯಲ್ಲಿ ಬರೆದಿದ್ದಾರೆ.

ಹಾಗಾಗಿ ಹಿಂದೆ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಅಷ್ಟು ಮಕ್ಕಳಲ್ಲಿ ಹುಡುಗಿಯರು ಬರೀ 60. ಆದರೆ ಬ್ರಾಹ್ಮಣರಷ್ಟೇ ಓದುತ್ತಿದ್ದರು ಅನ್ನುವವರೂ ಆ ಪಟ್ಟಿ ನೋಡಲಿ. ಬ್ರಾಹ್ಮಣ ಹುಡುಗರು 1,185, ಶೂದ್ರರು ಅಂತ ಬರೆಸಿದವರು 2,998.

ಕೂಲಿಮಠ ಹೋದದ್ದಕ್ಕೆ ನಾವು ಮೆಕಾಲೆಯನ್ನು ಬೈಯುತ್ತೇವೆ, ಅಲ್ವಾ? ಇಲ್ಲಿ ಇಂಗ್ಲಿಷ್ ಶಿಕ್ಷಣ ಬರಬೇಕು ಅಂದ ಅವನ ಟಿಪ್ಪಣಿ 1835ರದ್ದು. ಶಾಲೆಗಳು ಸೊರಗುತ್ತಿವೆ ಅಂತ ಕ್ಯಾಂಪ್‌ಬೆಲ್ ಬರೆದದ್ದು ಅದಕ್ಕೂ 12 ವರ್ಷ ಮೊದಲು. ಅವರು ಕೊಟ್ಟ ಕಾರಣ ಬಡತನ. ಸೀಮೆಯ ಬಟ್ಟೆ, ಅಂದರೆ ವಿದೇಶಿ ಬಟ್ಟೆ ಬಂತು, ಇಲ್ಲಿಯ ನೇಕಾರರಿಗೆ ಕೆಲಸ ತಪ್ಪಿತು. ಐಗಳಿಗೆ ಕೊಡಲು ಮನೆಯಲ್ಲಿ ಕಾಸಿಲ್ಲ. ಕೂಲಿಮಠಕ್ಕೆ ಹೋಗಬೇಕಿದ್ದ ಮಕ್ಕಳು ಕೂಲಿಗೇ ಹೋದರು. ಶಾಲೆಗೆ ಬೀಗ ಹಾಕಲು ಯಾರ ಆದೇಶವೂ ಬೇಕಾಗಲಿಲ್ಲ.

ಮತ್ತೆ ಸರ್ಕಾರ ಏನು ಮಾಡಿತು? 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ, ಹೇಳಲು ನಾಚಿಕೆಯಾಗುತ್ತದೆ ಅಂತ ಬರೆದದ್ದು ಈಸ್ಟ್ ಇಂಡಿಯಾ ಕಂಪನಿಯ ಅದೇ ಕಲೆಕ್ಟರ್.