ಒಂದು ಅಡಿಯ ಲೆಕ್ಕ

ಧಾರವಾಡ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆಯ ಜಾತ್ರೆಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡಿರುತ್ತೀರಿ. ಒಂದು ನಿಮಿಷದಲ್ಲಿ ಎತ್ತಿನ ಜೋಡಿ ಎಷ್ಟು ಅಡಿ ಓಡಿತು ಎಂಬುದರ ಮೇಲೆ ಬಹುಮಾನ. ಸುಣ್ಣದ ಗೆರೆಯ ಬಳಿ ಟೇಪಿನ ತುದಿ ಹಿಡಿದವನ ಮೇಲೆಯೇ ಎಲ್ಲರ ಕಣ್ಣು. ಬೆರಳು ತುಸು ಸರಿದರೂ ಸಾಕು, "ಏ ತಮ್ಮಾ, ಗೆರಿ ಮ್ಯಾಲ ಹಿಡಿಯೋ" ಎಂದು ನಾಲ್ಕೂ ಕಡೆಯಿಂದ ಕೂಗು. ಎಲೆಕ್ಟ್ರಿಕ್ ಕಾರು ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು ಎಂಬ ಅಂಕಿಗಳನ್ನು ಓದುವಾಗ ನನಗೆ ಆ ಕೂಗು ನೆನಪಾಗುತ್ತದೆ.

ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ಕಾರಿಗೆ ಕಂಪನಿ ಕೊಟ್ಟ ಅಂಕಿ 1.99 ಸೆಕೆಂಡು. ಆದರೆ ಇದು ಗಂಟೆಗೆ 60 ಮೈಲಿ ಮುಟ್ಟುವ ಹೊತ್ತು, ಅಂದರೆ ಸುಮಾರು 96.6 ಕಿಲೋಮೀಟರ್; ನಾವು ಹೇಳುವ ನೂರಲ್ಲ. ಇನ್ನೊಂದು ಮಾತೂ ಇದೆ. ಕಾರು ಮೊದಲ ಒಂದು ಅಡಿ ಉರುಳುವವರೆಗೆ ಗಡಿಯಾರವೇ ಶುರುವಾಗುವುದಿಲ್ಲ. ಅಮೆರಿಕದ ಡ್ರ್ಯಾಗ್ ರೇಸ್, ಅಂದರೆ ನೇರ ಹಾದಿಯ ಸಣ್ಣ ಓಟದ ಅಂಗಳದಲ್ಲಿ ಮುಂದಿನ ಗಾಲಿ ಬೆಳಕಿನ ಕಿರಣ ದಾಟಿದ ಮೇಲೆ ಹೊತ್ತು ಎಣಿಸುತ್ತಾರೆ, ಅಲ್ಲಿಂದ ಬಂದ ರೂಢಿ ಇದು. ಒಂದು ಅಡಿ ಎಂದರೆ ಏನು ಮಹಾ ಅನಿಸಬಹುದು. ಇಷ್ಟು ಜೋರಿನ ಕಾರು ಆ ಅಡಿ ದಾಟುವಷ್ಟರಲ್ಲಿ ಗಂಟೆಗೆ ಸುಮಾರು 9 ಕಿಲೋಮೀಟರ್ ವೇಗ ಹಿಡಿದಿರುತ್ತದೆ, ಕಾಲು ಸೆಕೆಂಡು ಕಳೆದಿರುತ್ತದೆ. ಎರಡು ಸೆಕೆಂಡಿನ ಲೆಕ್ಕದಲ್ಲಿ ಕಾಲು ಸೆಕೆಂಡು ಸಣ್ಣದಲ್ಲ. ಹೀಗೆ ಅಳೆದದ್ದನ್ನು ನಿಂತ ಜಾಗದಿಂದ ಅಳೆದದ್ದರ ಪಕ್ಕಕ್ಕಿಟ್ಟರೆ ಅದು ಹೋಲಿಕೆಯಾಗುವುದಿಲ್ಲ.

ನಮ್ಮಲ್ಲಿ ಮಾರಾಟಕ್ಕೆ ಬಂದ ಬಿವೈಡಿ ಸೀಲ್ ಪರ್ಫಾರ್ಮೆನ್ಸ್‌ಗೆ ಕಂಪನಿ ಹೇಳುವುದು ನೂರಕ್ಕೆ 3.8 ಸೆಕೆಂಡು, ನಾಲ್ಕೂ ಗಾಲಿ ಎಳೆಯುವ ಕಿಯಾ ಇವಿ6ಗೆ 5.3, ಮಹೀಂದ್ರಾ ಬಿಇ 6ಗೆ 6.7. ಇವು ಕಾಗದದ ಮೇಲಿನವು. ನಮ್ಮ ರಸ್ತೆಯಲ್ಲಿ ಏನಾಗುತ್ತದೆ?

ನನ್ನ ತಂಗಿಯ ಮಗ ಒಂದು ಜೋರಿನ ಎಲೆಕ್ಟ್ರಿಕ್ ಕಾರು ತಂದ. ವಾರದೊಳಗೆ, "ಮಾಮಾ, ಕಾಗದದಾಗ ಬರದಷ್ಟು ವೇಗ ಬರವಲ್ತು" ಅಂದ. ಹುಬ್ಬಳ್ಳಿಯ ಹೊರಗೆ ಪರಿಚಯದವರ ಆವರಣದಲ್ಲಿ ಉದ್ದನೆಯ ಖಾಸಗಿ ರಸ್ತೆಯಿದೆ. ಒಪ್ಪಿಗೆ ಪಡೆದು, ಗೇಟು ಹಾಕಿಸಿ, ಭಾನುವಾರ ಬೆಳಿಗ್ಗೆ ಅಲ್ಲಿ ಓಡಿಸಿದೆವು. ಪೆಡಲ್ ಒತ್ತಿದೊಡನೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಪಟಪಟ ಮಿನುಗಿತು. ಇಳಿದು ರಸ್ತೆಗೆ ಅಂಗೈ ಒತ್ತಿ ನೋಡಿದೆ: ಜೋಳದ ಕಾಳಿನಷ್ಟು ಗರಸು, ಅದರ ಮೇಲೆ ಕೆಂಪು ಧೂಳು. ಗಾಲಿಗೆ ಹಿಡಿತ ಸಿಗದೆ ಕಾರೇ ಮೋಟಾರಿನ ಜೋರು ತಗ್ಗಿಸುತ್ತಿತ್ತು. 3.8 ಸೆಕೆಂಡಿನಲ್ಲಿ ನೂರು ಮುಟ್ಟಬೇಕಾದರೆ ಕಾರಿನ ತೂಕದ ಮುಕ್ಕಾಲು ಪಾಲಿನಷ್ಟು ಬಲವನ್ನು ಟೈರು ನೆಲದಿಂದ ಪಡೆಯಬೇಕು. ಸ್ವಚ್ಛ ಒಣ ಡಾಂಬರು ಅಷ್ಟು ಕೊಡುತ್ತದೆ, ಗರಸು ಕೊಡುವುದಿಲ್ಲ. ಕಸಬರಿಗೆ ತಂದು ಐವತ್ತು ಹೆಜ್ಜೆ ಗುಡಿಸಿದೆವು. ಮುಂದಿನ ಓಟಕ್ಕೆ ದೀಪ ಹತ್ತಲಿಲ್ಲ, ಬೆನ್ನು ಸೀಟಿಗೆ ಅಂಟಿತು.

ಬ್ಯಾಟರಿಯ ಮಾತೂ ಮುಖ್ಯ. ಚಾರ್ಜು ಇಳಿದಂತೆ ವೋಲ್ಟೇಜು ಇಳಿಯುತ್ತದೆ. ಅಷ್ಟೇ ಶಕ್ತಿ ಬೇಕೆಂದರೆ ಹೆಚ್ಚು ಕರೆಂಟು ಎಳೆಯಬೇಕು, ಹಾಗೆ ಎಳೆದರೆ ಕಾವು ಏರುತ್ತದೆ, ಆಗ ಕಾರು ತಾನೇ ಕೈ ಬಿಗಿಹಿಡಿಯುತ್ತದೆ. ತುಂಬಿದ ಬ್ಯಾಟರಿಯ ಮೊದಲ ಓಟವೂ ಅರ್ಧಕ್ಕಿಳಿದ ಬ್ಯಾಟರಿಯ ಐದನೇ ಓಟವೂ ಒಂದೇ ಆಗುವುದಿಲ್ಲ. ಮೊಬೈಲಿನ ಜಿಪಿಎಸ್ ನಂಬಬೇಡಿ. ಸಾಮಾನ್ಯವಾಗಿ ಅದು ಸೆಕೆಂಡಿಗೆ ಒಮ್ಮೆ ವೇಗ ಹೇಳುತ್ತದೆ, ನಾಲ್ಕು ಸೆಕೆಂಡಿನ ಓಟಕ್ಕೆ ಅದು ಸಾಲದು. ಸೆಕೆಂಡಿಗೆ ಹತ್ತು ಸಲವಾದರೂ ಅಳೆಯುವ ಯಂತ್ರ ಬೇಕು. ಕಣ್ಣಿಗೆ ಕಾಣದ ಇಳಿಜಾರೂ ಮೋಸ ಮಾಡುತ್ತದೆ, ಅದಕ್ಕೆ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಬೇಕು.

ನನ್ನ ಕೇಳಿದರೆ, ನಮ್ಮ ಊರಿನವರಿಗೆ ಸೊನ್ನೆಯಿಂದ ನೂರಕ್ಕಿಂತ ನಲವತ್ತರಿಂದ ಎಂಬತ್ತು ಹೆಚ್ಚು ಬೇಕಾದದ್ದು. ಗದಗ ರಸ್ತೆಯಲ್ಲಿ ಗೋವಿನಜೋಳ ಹೇರಿದ ಟ್ರ್ಯಾಕ್ಟರ್ ಮುಂದಿದ್ದಾಗ ಎದುರಿನ ಹಾದಿಯಲ್ಲಿ ಎಷ್ಟು ಹೊತ್ತು ಇರುತ್ತೇವೆ ಎಂಬುದೇ ಜೀವದ ಪ್ರಶ್ನೆ. ಗೇರು ಇಳಿಸುವ ಕೆಲಸವಿಲ್ಲದ ಎಲೆಕ್ಟ್ರಿಕ್ ಕಾರು ಅಲ್ಲಿ ಪೆಡಲ್ ಒತ್ತಿದ ಕೂಡಲೇ ಮುನ್ನುಗ್ಗುತ್ತದೆ. ಬರುವ ಭಾನುವಾರ ಅದೇ ಆವರಣದಲ್ಲಿ ಆ ಅಳತೆ ಮಾಡಲಿದ್ದೇವೆ, ಮೊದಲು ರಸ್ತೆ ಗುಡಿಸಿ.

ನಮಸ್ಕಾರ.