ಬಿಳಿಸೆರಗಿಗೆ ಸೋಪು ಮದ್ದಲ್ಲ

ಮನೆಗೆಲಸದ ನಡುವೆ ರೇಡಿಯೊಗೆ ಕಿವಿಗೊಟ್ಟಿರುವ ತಾಯಂದಿರಿಗೂ ಅಕ್ಕತಂಗಿಯರಿಗೂ ನಮಸ್ಕಾರ. ಇಂದು ಬಿಳಿಸೆರಗಿನ ವಿಷಯವಾಗಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ: ಯೋನಿಯ ಒಳಭಾಗವನ್ನು ಸೋಪು ಹಾಕಿ ತೊಳೆಯಬೇಡಿ.

ಸ್ರಾವವು ತಿಂಗಳಿಡೀ ಒಂದೇ ರೀತಿ ಇರುವುದಿಲ್ಲ. 28 ದಿನಗಳಿಗೊಮ್ಮೆ ಮುಟ್ಟಾಗುವವರಲ್ಲಿ 14ನೆಯ ದಿನದ ಆಸುಪಾಸಿನಲ್ಲಿ, ಅಂಡ ಬಿಡುಗಡೆಯಾಗುವ ಹೊತ್ತಿಗೆ, ಅದು ಮೊಟ್ಟೆಯ ಲೋಳೆಯಂತೆ ತೆಳ್ಳಗಿದ್ದು ಬೆರಳುಗಳ ನಡುವೆ ಎಳೆಯಾಗಿ ಹಿಗ್ಗುತ್ತದೆ. ಆನಂತರ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಇದು ರೋಗವಲ್ಲ. ಯೋನಿಯೊಳಗಿನ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಆಮ್ಲವನ್ನು ತಯಾರಿಸಿ ಸೋಂಕನ್ನು ದೂರವಿಡುತ್ತವೆ. ಸೋಪು ಆ ಕಾವಲನ್ನೇ ಕೆಡಿಸುತ್ತದೆ.

ನನ್ನ ಬಳಿಗೆ ಬಂದಿದ್ದ, ಹೂ ಕಟ್ಟಿ ಮಾರುವ ತಾಯಿಯೊಬ್ಬರ ಸಂಗತಿ ಕೇಳಿ. "ಡಾಕ್ಟರಮ್ಮಾ, ಮೂಳೆ ಕರಗಿ ಬಿಳಿಯಾಗಿ ಹೋಗ್ತಾ ಐತೆ, ಸೊಂಟವೇ ನಿಲ್ತಾ ಇಲ್ಲ" ಎಂದು ಅವರು ಕಣ್ಣೀರಿಟ್ಟರು. ಉಷ್ಣವೆಂದು ಅತ್ತೆಯವರು ಬದನೆ, ಪಪ್ಪಾಯಿ, ಮೊಟ್ಟೆ ಎಲ್ಲವನ್ನೂ ಬಿಡಿಸಿದ್ದರು. ಪರೀಕ್ಷಿಸಿದಾಗ ಮೀನಿನ ವಾಸನೆಯ, ಬೂದು ಬಣ್ಣದ ತೆಳು ಸ್ರಾವ ಕಂಡಿತು. ಹೇಗೆ ತೊಳೆಯುತ್ತೀರಿ ಎಂದು ವಿಚಾರಿಸಿದರೆ, ದಿನಕ್ಕೆರಡು ಬಾರಿ ಬೆರಳಿಗೆ ಮೈಸೋಪು ಹಚ್ಚಿಕೊಂಡು ಒಳಗೆಲ್ಲ ಉಜ್ಜುತ್ತಿದ್ದರು. ವಾಸನೆ ಹೋಗಲಿಲ್ಲವೆಂದು ಮತ್ತಷ್ಟು ಉಜ್ಜುತ್ತಿದ್ದರು. ಏಳು ದಿನಗಳ ಮಾತ್ರೆ ಕೊಟ್ಟು ಸೋಪು ಬಿಡಿಸಿದ ಮೇಲೆ ವಾಸನೆ ಹೋಯಿತು. ಸುಸ್ತಿಗೆ ಕಾರಣ ರಕ್ತಹೀನತೆ. ಹಿಮೋಗ್ಲೋಬಿನ್ 8 ಗ್ರಾಂ ಮಾತ್ರ ಇತ್ತು. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ಬಿಟ್ಟಿದ್ದ ಮೊಟ್ಟೆಯನ್ನು ಮತ್ತೆ ತಿನ್ನಲು ಹೇಳಿದೆ. ಬಿಳಿಸೆರಗಿನಲ್ಲಿ ಮೂಳೆ ಕರಗಿ ಹೋಗುವುದಿಲ್ಲ. ದಯವಿಟ್ಟು ಆ ಮಾತನ್ನು ಹೆಣ್ಣುಮಕ್ಕಳ ಕಿವಿಗೆ ಹಾಕುವುದನ್ನು ಇನ್ನಾದರೂ ನಿಲ್ಲಿಸಿ.

ಉಳಿದಿರುವ ಹೊತ್ತು ಕಡಿಮೆ. ಒಡೆದ ಹಾಲಿನಂತಹ ಸ್ರಾವವೂ ವಿಪರೀತ ತುರಿಕೆಯೂ ಇದ್ದರೆ ಅದು ಶಿಲೀಂಧ್ರದ ಸೋಂಕು. ಮರುಕಳಿಸುತ್ತಿದ್ದರೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಹಳದಿ ಅಥವಾ ಹಸಿರು ಬಣ್ಣದ ನೊರೆಯಂತಿದ್ದರೆ ಸಂಭೋಗದಿಂದ ಹರಡುವ ಟ್ರೈಕೊಮೊನಾಸ್ ಎಂಬ ಸೋಂಕಿರಬಹುದು, ಆಗ ಗಂಡನಿಗೂ ಚಿಕಿತ್ಸೆ ಆಗಲೇಬೇಕು. ಹೆಂಡತಿಯೊಬ್ಬಳೇ ಮಾತ್ರೆ ನುಂಗಿದರೆ ಸೋಂಕು ಮತ್ತೆ ಬರುತ್ತದೆ. ಮುಟ್ಟು ನಿಂತ ಮೇಲಾಗಲಿ, ಸಂಭೋಗದ ನಂತರವಾಗಲಿ ರಕ್ತ ಕಂಡರೆ ಆ ವಾರವೇ ವೈದ್ಯರನ್ನು ಕಂಡು ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಳ್ಳಿ. ಆಸ್ಪತ್ರೆಗೆ ಹೊರಡುವ ಮುನ್ನವೂ ಒಳಗೆ ತೊಳೆಯಬೇಡಿ. ತೊಳೆದು ಬಂದರೆ ಪರೀಕ್ಷೆಗೆ ಬೇಕಾದ ಸ್ರಾವವೇ ನಮಗೆ ಸಿಗುವುದಿಲ್ಲ. ಹೊರಭಾಗಕ್ಕೆ ಬರಿಯ ನೀರು ಸಾಕು.