ಅಮ್ಮ ಯಾಕೆ ಓಡಬೇಕು?

ಹೋದ ತಿಂಗಳು ಅಮ್ಮನ ಕೈ ಹಿಡ್ಕೊಂಡು ರಸ್ತೆ ದಾಟ್ತಾ ಇದ್ದೆ. ಜೀಬ್ರಾ ಕ್ರಾಸಿಂಗ್ ಇತ್ತು, ನಡೆಯೋರಿಗೆ ಹಸಿರು ದೀಪ ಬಂದಿತ್ತು. ಎರಡು ಹೆಜ್ಜೆ ಇಟ್ಟಿದ್ವಿ ಅಷ್ಟೇ, ದೀಪ ಮಿಣುಕೋಕೆ ಶುರುವಾಯ್ತು. ಅಮ್ಮನಿಗೆ ಎಪ್ಪತ್ತಮೂರು ವರ್ಷ, ಎರಡೂ ಮಂಡಿ ನೋವು. ಆದ್ರೂ ಓಡಿದ್ರು. ಒಂದು ಚಪ್ಪಲಿ ಹಿಮ್ಮಡಿಯಿಂದ ಜಾರಿ ಟಪಟಪ ಅಂತ ಬಡೀತಾ ಇತ್ತು, ನನ್ನ ಬೆರಳುಗಳನ್ನ ನೋಯೋ ಹಾಗೆ ಅಮುಕಿ ಹಿಡಿದಿದ್ರು. ಆ ಕಡೆ ತಲುಪಿದ ಮೇಲೆ ತಿರುಗಿ, ನಿಂತಿದ್ದ ಕಾರಿನ ಡ್ರೈವರ್‌ಗೆ ಕೈ ಮುಗಿದು, "ಪಾಪ, ನಮಗೋಸ್ಕರ ನಿಲ್ಸಿದ" ಅಂದ್ರು.

ಆ "ಪಾಪ" ಅನ್ನೋ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಅವನು ಉಪಕಾರ ಮಾಡಿದ್ದಲ್ಲ. ನಿಲ್ಲಿಸೋದು ಅವನ ಕರ್ತವ್ಯ.

ಇದು ನನ್ನ ಅಭಿಪ್ರಾಯ ಅಲ್ಲ, ಕಾನೂನು. ರಸ್ತೆ ಸಂಚಾರದ ಬಗ್ಗೆ 1968ರಲ್ಲಿ ವಿಯೆನ್ನಾದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದಲ್ಲೇ ಇದೆ: ವಾಹನಕ್ಕೆ ಹಸಿರು ಬಂದ್ರೂ, ಆಗಲೇ ಕ್ರಾಸಿಂಗ್‌ಗೆ ಇಳಿದಿರೋ ಪಾದಚಾರಿಗೆ ಅಡ್ಡಿ ಮಾಡೋ ಹಾಗಿಲ್ಲ. ತಿರುವಿನಲ್ಲಿ ತಿರುಗೋವಾಗ ನಿಧಾನಕ್ಕೆ ತಿರುಗಬೇಕು, ದಾಟ್ತಾ ಇರೋರಿಗೆ ದಾರಿ ಬಿಡಬೇಕು. ಅದೇ ಒಪ್ಪಂದ ನಮಗೂ ಹೇಳುತ್ತೆ: ಸಿಗ್ನಲ್ ಇಲ್ಲದ ಕಡೆ ಬರ್ತಿರೋ ಗಾಡಿ ಎಷ್ಟು ದೂರ ಇದೆ, ಎಷ್ಟು ವೇಗ ಇದೆ ಅಂತ ನೋಡದೆ ಇಳೀಬೇಡಿ. ಹೊಣೆ ಎರಡೂ ಕಡೆ ಇದೆ, ಒಪ್ತೀನಿ. ಆದ್ರೆ ತೂಕ ಒಂದೇ ಅಲ್ಲ. ಬ್ರಿಟನ್ 2022ರ ಜನವರಿಯಲ್ಲಿ ತನ್ನ ರಸ್ತೆ ನಿಯಮಾವಳಿಗೆ ಇದನ್ನ ನೇರವಾಗಿಯೇ ಸೇರಿಸ್ತು: ಹೆಚ್ಚು ಹಾನಿ ಮಾಡಬಲ್ಲ ವಾಹನ ಓಡಿಸೋರ ಮೇಲೇ ಹೆಚ್ಚಿನ ಜವಾಬ್ದಾರಿ. ಜಂಕ್ಷನ್‌ನಲ್ಲಿ ದಾಟೋಕೆ ಕಾಯ್ತಾ ನಿಂತಿರೋರಿಗೂ ದಾರಿ ಬಿಡಬೇಕು ಅಂತ ಅದರಲ್ಲಿದೆ.

ಆ ಮಿಣುಕೋ ದೀಪ ಇದ್ಯಲ್ಲ, ಅದರ ಅರ್ಥ "ಓಡಿ" ಅಂತ ಅಲ್ಲ. ಹೊಸಬರು ಇಳೀಬೇಡಿ, ಇಳಿದಿರೋರು ದಾಟಿ ಮುಗಿಸಿ ಅಂತ. ಎಷ್ಟು ಹೊತ್ತು ಮಿಣುಕಬೇಕು ಅನ್ನೋದನ್ನ ಜನ ನಡೆಯೋ ವೇಗದ ಮೇಲೆ ಲೆಕ್ಕ ಹಾಕ್ತಾರೆ. ಬಹಳ ಕಾಲ ಬಳಕೆಯಲ್ಲಿದ್ದ ಲೆಕ್ಕ ಸೆಕೆಂಡಿಗೆ 1.2 ಮೀಟರ್. ಅಮೆರಿಕದ ಸಿಗ್ನಲ್ ಕೈಪಿಡಿ 2009ರಲ್ಲಿ ಅದನ್ನ ಸುಮಾರು 1.07ಕ್ಕೆ ಇಳಿಸ್ತು, ವಯಸ್ಸಾದೋರು ಅಷ್ಟು ಬೇಗ ನಡೆಯಲ್ಲ ಅಂತ. ನಾನು ಮನೆ ಮುಂದೆ ಟೇಪ್ ಹಿಡಿದು ಅಮ್ಮನ ನಡಿಗೆ ಅಳೆದೆ: ಸೆಕೆಂಡಿಗೆ 0.8 ಮೀಟರ್. 12 ಮೀಟರ್ ಅಗಲದ ರಸ್ತೆಗೆ ಹಳೇ ಲೆಕ್ಕದಲ್ಲಿ 10 ಸೆಕೆಂಡ್ ಸಾಕು. ಕಾಲಿಟ್ಟ ತಕ್ಷಣ ಮಿಣುಕಿದ್ರೆ ಅಷ್ಟರಲ್ಲಿ ಅಮ್ಮ 8 ಮೀಟರ್ ದಾಟಿರ್ತಾರೆ. ಇನ್ನೂ 4 ಮೀಟರ್ ಬಾಕಿ, ಗಾಡಿಗಳು ಹೊರಡೋ ಹೊತ್ತು. ತಪ್ಪು ಅಮ್ಮನ ಮಂಡಿಯದ್ದಾ?

ವೇಗದ ಬಗ್ಗೆ ಒಂದೇ ಮಾತು ಹೇಳ್ತೀನಿ, ಗಾಡಿ ಓಡಿಸೋರು ದಯವಿಟ್ಟು ಕೇಳಿಸ್ಕೊಳ್ಳಿ. ಎದುರಿಗೆ ಮಗು ಕಂಡು ಬ್ರೇಕ್ ಮೇಲೆ ಕಾಲಿಡೋಕೆ ಸುಮಾರು ಒಂದು ಸೆಕೆಂಡ್ ಬೇಕು. 30 ಕಿಲೋಮೀಟರ್ ವೇಗದ ಕಾರು, ಒಣ ರಸ್ತೆಯಲ್ಲಿ, ಸುಮಾರು 13 ಮೀಟರ್‌ಗೆ ಪೂರ್ತಿ ನಿಂತಿರುತ್ತೆ. 50ರಲ್ಲಿ ಬಂದ ಕಾರು ಅದೇ ಜಾಗಕ್ಕೆ ಬಂದಾಗ ಇನ್ನೂ ಬ್ರೇಕೇ ಹಿಡಿದಿರಲ್ಲ. ಮಗು ನಿಂತಿರೋ ಜಾಗ ಅದೇ ಆಗಿದ್ರೆ, ಒಂದು ಕಾರು ನಿಂತಿದೆ, ಇನ್ನೊಂದು ಪೂರ್ತಿ 50ರಲ್ಲೇ ಬಂದು ಗುದ್ದುತ್ತೆ. ನೀವು ಉಳಿಸ್ಕೊಂಡಿದ್ದು ಮುಂದಿನ ಸಿಗ್ನಲ್‌ನಲ್ಲಿ ಕಾಯೋ ಒಂದೆರಡು ನಿಮಿಷ.

ಈಗ ನಡೆಯೋರಿಗೆ. ಹಕ್ಕು ನಮ್ಮದೇ, ಆದ್ರೆ ಪೆಟ್ಟು ಬಿದ್ರೆ ಮೈಯೂ ನಮ್ಮದೇ. ನನಗೆ ಅತಿ ಹೆಚ್ಚು ಭಯ ಇರೋದು ಎರಡನೇ ಲೇನ್. ಮೊದಲನೇ ಲೇನ್‌ನಲ್ಲಿ ಯಾರೋ ಪುಣ್ಯಾತ್ಮರು ನಿಲ್ಲಿಸಿ, ಹೋಗಿ ಅಂತ ಕೈ ಬೀಸ್ತಾರೆ. ನಾವು ಅವರ ಮುಖ ನೋಡ್ಕೊಂಡು ನಡೀತೀವಿ. ಪಕ್ಕದ ಲೇನ್‌ನಲ್ಲಿ ಬರೋನಿಗೆ ನಾವು ಕಾಣ್ತಾ ಇಲ್ಲ, ನಿಂತಿರೋ ಗಾಡಿ ನಮ್ಮನ್ನ ಮರೆ ಮಾಡಿದೆ. ಅದು ಬಸ್ಸೋ ಲಾರಿಯೋ ಆಗಿದ್ರೆ ಮುಗಿದೇ ಹೋಯ್ತು. ನಿಂತ ಗಾಡಿಯ ಅಂಚಿಗೆ ಬಂದಾಗ ಮತ್ತೆ ಒಂದು ಕ್ಷಣ ನಿಲ್ಲಿ, ತಲೆ ಹೊರಗೆ ಹಾಕಿ ನೋಡಿ, ಆಮೇಲೆ ಹೆಜ್ಜೆ ಇಡಿ. ಹಾಗೇನೇ ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎದುರಿಂದ ಬರೋ ಗಾಡಿಗಳು ಕಾಣೋ ಬದಿಯಲ್ಲಿ ನಡೀರಿ, ಬೆನ್ನು ಹಾಕಿ ನಡೀಬೇಡಿ. ರಾತ್ರಿ ನಮಗೆ ಹೆಡ್‌ಲೈಟ್ ದೂರದಿಂದಲೇ ಕಾಣುತ್ತೆ, ಅದಕ್ಕೇ ಅವರಿಗೂ ನಾವು ಕಾಣ್ತೀವಿ ಅಂದ್ಕೊಳ್ತೀವಿ. ಕಪ್ಪು ಬಟ್ಟೆ ಹಾಕಿದ್ರೆ ಹತ್ತಿರ ಬರೋವರೆಗೂ ಕಾಣಲ್ಲ. ಇಯರ್‌ಫೋನ್ ದಾಟೋವರೆಗಾದ್ರೂ ತೆಗೀರಿ.

ಇಷ್ಟೆಲ್ಲಾ ಜಾಗ್ರತೆ ನಾವು ಮಾಡ್ತೀವಿ ಅಂತ, ಅಪಘಾತ ಆದಾಗ "ನೋಡ್ಕೊಂಡು ದಾಟಬೇಕಿತ್ತು" ಅನ್ನೋ ಮಾತನ್ನ ನಾನು ಒಪ್ಪಲ್ಲ. ಬಿದ್ದಿರೋರ ಪಕ್ಕ ನಿಂತು ಮೊದಲು ಹೇಳೋ ಮಾತು ಅದೇ ಆಗಿಬಿಟ್ಟಿದೆ.

ಈಗ ನಾನೂ ಅಮ್ಮನೂ ಹಸಿರು ಹೊಸದಾಗಿ ಬರೋವರೆಗೂ ಕಾಯ್ತೀವಿ, ಅರ್ಧಕ್ಕೆ ಇಳಿಯಲ್ಲ. ಸಿಗ್ನಲ್ ನೋಡ್ಕೊಳ್ಳೋ ಕಚೇರಿಗೆ ಅರ್ಜಿ ಕೊಟ್ಟಿದ್ದೀನಿ, ಅಮ್ಮನ ನಡಿಗೆಯ ಲೆಕ್ಕ ಬರೆದು, ಈ ಕ್ರಾಸಿಂಗ್‌ಗೆ ಇನ್ನೂ 5 ಸೆಕೆಂಡ್ ಕೊಡಿ ಅಂತ. ಉತ್ತರ ಇನ್ನೂ ಬಂದಿಲ್ಲ. ಅಮ್ಮ ವಾರಕ್ಕೆ ಎರಡು ಸಲ ಅಲ್ಲೇ ದಾಟ್ತಾರೆ.